ಮೌನಂ ಸಮ್ಮತಿ ಲಕ್ಷಣವೇ?

ಕಳೆದ ಮಳೆಗಾಲದಲ್ಲಿ ಹಾವೇರಿಯಿಂದ ಪುಣೆಗೆ ಮರಳುತ್ತಿದ್ದೆವು. ಸಾತಾರಾ ದಾಟಿತ್ತು, ಖಂಬಾಟ್ಕಿ ಸುರಂಗ ಇನ್ನೂ ಮುಂದಿತ್ತು. ಜೋರು ಮಳೆ. ಇದ್ದಕ್ಕಿದ್ದ ಹಾಗೆ ಕಾರಿನ ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬಿತ್ತು. ಪಕ್ಕದಲ್ಲೇ ಎಬಿಎಸ್ ಎಂದು ಬರೆದ ಹಳದಿ ದೀಪ ಹತ್ತಿಕೊಂಡಿತು. ಗಾಡಿ ಮಾತ್ರ ಎಂದಿನಂತೆ ಓಡುತ್ತಿತ್ತು. ಹೆಂಡತಿ ಡ್ಯಾಶ್‌ಬೋರ್ಡ್ ಕಡೆ ನೋಡಿ, "ಇದರ ಲೆಕ್ಕದಾಗ ನಾವು ನಿಂತೀವಿ ನೋಡ್ರಿ" ಎಂದಳು. ಇಬ್ಬರೂ ನಕ್ಕೆವು. ಆಮೇಲೆ ನಗು ಬರಲಿಲ್ಲ.

ಹಿಂದೆ ಯಾವ ಲಾರಿಯೂ ಇಲ್ಲದ್ದನ್ನು ನೋಡಿಕೊಂಡು ಮೆಲ್ಲಗೆ ಬ್ರೇಕ್ ಒತ್ತಿದೆ. ಹಿಡಿಯಿತು. ಹಿಡಿಯಲೇಬೇಕು, ಏಕೆಂದರೆ ಎಬಿಎಸ್ ಕೆಟ್ಟರೂ ಮಾಮೂಲಿ ಬ್ರೇಕು ಕೆಲಸ ಮಾಡುವಂತೆಯೇ ಅದನ್ನು ಕಟ್ಟಿರುತ್ತಾರೆ. ಕೆಂಪು ಬ್ರೇಕ್ ದೀಪವೂ ಜೊತೆಗೆ ಹತ್ತಿದ್ದರೆ ಮಾತು ಬೇರೆ, ಗಾಡಿ ನಿಲ್ಲಿಸಲೇಬೇಕು. ಹಳದಿಯೊಂದೇ ಇದ್ದರೆ ಬ್ರೇಕ್ ಇದೆ, ಆದರೆ ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ತುಳಿದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರದ ಹಾಗೆ ಕಾಯುವವನು ಇಲ್ಲ ಎಂದರ್ಥ. ಮುಂದಿನ ದಾರಿಯನ್ನೆಲ್ಲ ಎಡಗಡೆಯ ಲೇನಿನಲ್ಲಿ ನಿಧಾನಕ್ಕೆ ಕ್ರಮಿಸಿದೆವು.

ಆ ದೀಪದ ಬೆನ್ನು ಹತ್ತಿ ಹೋದ ಹದಿನೈದು ದಿನಗಳಲ್ಲಿ ನನಗೆ ಎದುರಾದ ಪ್ರಶ್ನೆಗೆ ಕಾರಿನ ಸಂಬಂಧವಿಲ್ಲ. ಆದರೆ ಕಾರಿನ ಮೂಲಕವಲ್ಲದೆ ನಾನು ಅಲ್ಲಿಗೆ ತಲುಪುತ್ತಿರಲಿಲ್ಲ. ಆದ್ದರಿಂದ ಮೊದಲು ಕಾರಿನ ಕಥೆಯನ್ನೇ ಹೇಳುತ್ತೇನೆ.

ಶೋರೂಮಿನ ಸರ್ವೀಸಿನವರು ಸ್ಟೇರಿಂಗಿನ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿ ಒಂದು ಕೋಡ್ ತೋರಿಸಿದರು: ಯು 0121. ಅರ್ಥ, ಎಬಿಎಸ್ ಮಾಡ್ಯೂಲ್ ಜೊತೆ ಸಂಪರ್ಕ ಕಡಿದಿದೆ. ಸ್ಕ್ಯಾನರಿನಿಂದ ನೇರವಾಗಿ ಎಬಿಎಸ್ಸನ್ನು ಕರೆದರೂ ಉತ್ತರವಿಲ್ಲ. "ಮಾಡ್ಯೂಲ್ ಹೋಗಿದೆ ಸರ್, ಪೂರ್ತಿ ಯೂನಿಟ್ ಬದಲಾಯಿಸಬೇಕು" ಎಂದು ಒಂದು ಎಸ್ಟಿಮೇಟ್ ಕೈಗಿಟ್ಟರು. ನನ್ನ ಮಗನ ಒಂದು ವರ್ಷದ ಶಾಲಾ ಫೀಜಿಗೆ ಹತ್ತಿರವಿತ್ತು ಮೊತ್ತ. ನಾಳೆ ಹೇಳುತ್ತೇನೆ ಎಂದು ಹೊರಬಂದೆ.

ಕಾತ್ರಜ್ ಕಡೆ ಒಬ್ಬ ಆಟೋ ಇಲೆಕ್ಟ್ರಿಷಿಯನ್ ಇದ್ದಾನೆ ಎಂದು ಸೊಸೈಟಿಯ ಗೆಳೆಯರೊಬ್ಬರು ಹೇಳಿದ್ದರು. ಹೋಗಿ ನಿಂತು ಮನೆಗೆ ಫೋನ್ ಮಾಡುತ್ತಿದ್ದಾಗ ನನ್ನ ಮಾತು ಕೇಳಿ ಆತ ಕಾರಿನಡಿಯಿಂದಲೇ, "ಯಾವೂರ್ರಿ ಸಾಹೇಬ್ರ?" ಎಂದ. ಅವನದು ಇಂಡಿ ತಾಲೂಕು. ಪುಣೆಗೆ ಬಂದು ಇಪ್ಪತ್ತು ವರ್ಷವಾಯಿತಂತೆ. ಶೋರೂಮಿನ ಕಾಗದ ಓದಿದ. ಓದಿ ಕೇಳಿದ: "ಈ ಕೋಡ್ ಯಾರ ಕಡೆ ಸಿಕ್ತು?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಎಬಿಎಸ್ ತಾನು ಕೆಟ್ಟೀನಿ ಅಂತ ಹೇಳಿಲ್ರಿ. ಇಂಜಿನ್ನಿನ ಕಂಪ್ಯೂಟರ್ ಹೇಳೇದ, ಮೀಟರ್ ಹೇಳೇದ. ಅವು ಏನ್ ಹೇಳ್ಯಾವು? ನಮಗ ಅವನ ದನಿ ಕೇಳವಲ್ದು ಅಂತ. ದನಿ ಕೇಳಲಿಲ್ಲಂದ್ರ ಮನಿಶಾ ಸತ್ತಾನಂತ ಹೆಂಗ ಹೇಳ್ತೀರಿ? ಬಾಯಿ ಕಟ್ಟಿರಬೋದು. ಊಟ ಇಲ್ದ ಬಿದ್ದಿರಬೋದು. ಹಾದೀನ ಹರಿದಿರಬೋದು."

ಎಂಟೆಕ್ ಮಾಡಿದವನಿಗೆ ಇದು ತಿಳಿಯದ ವಿಷಯವೇನಲ್ಲ. ಆದರೆ ಆ ಕಾಗದ ಓದಿದಾಗ ನಾನೂ ಮಾಡ್ಯೂಲೇ ಹೋಗಿದೆ ಎಂದು ನಂಬಿಬಿಟ್ಟಿದ್ದೆ. ಕೋಡಿನಲ್ಲಿ ಅದರ ಹೆಸರಿತ್ತು, ಅಷ್ಟೇ ಸಾಕಾಗಿತ್ತು.

ಈ ಯಂತ್ರಗಳು ಮಾತಾಡಿಕೊಳ್ಳುವ ರೀತಿಯನ್ನು ಸ್ವಲ್ಪ ಹೇಳಬೇಕು. 1978ರಲ್ಲಿ ಬಾಷ್ ಕಂಪನಿಯ ಇಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಕಾರಿನಲ್ಲಿ ಬಂದಾಗ ಅದು ತನ್ನ ಪಾಡಿಗೆ ತಾನಿದ್ದ ಪೆಟ್ಟಿಗೆ. ಮುಂದೆ ಕಾರಿನೊಳಗೆ ಇಂಥ ಪೆಟ್ಟಿಗೆಗಳು ಹೆಚ್ಚಿದವು. ಒಂದೊಂದಕ್ಕೂ ಬೇರೆ ಬೇರೆ ತಂತಿ ಎಳೆದರೆ ಗಾಡಿಯೇ ತಂತಿಯ ಗಂಟಾಗುತ್ತದೆ. ಅದಕ್ಕಾಗಿ ಅದೇ ಕಂಪನಿ 1986ರಲ್ಲಿ ಕ್ಯಾನ್ ಎಂಬ ವ್ಯವಸ್ಥೆಯನ್ನು ಜಗತ್ತಿನ ಮುಂದಿಟ್ಟಿತು. ಒಂದಕ್ಕೊಂದು ಹೆಣೆದ ಎರಡೇ ತಂತಿ, ಅದಕ್ಕೆ ಎಲ್ಲರೂ ಜೋಡಣೆ. ಹಳ್ಳಿಯ ಕಟ್ಟೆಯಿದ್ದ ಹಾಗೆ. ಯಾರು ಮಾತಾಡಿದರೂ ಎಲ್ಲರಿಗೂ ಕೇಳುತ್ತದೆ, ಬೇಕಾದವರು ಬೇಕಾದ್ದನ್ನು ತೆಗೆದುಕೊಳ್ಳುತ್ತಾರೆ. ನಾಲ್ಕು ಚಕ್ರಗಳು ಎಷ್ಟು ವೇಗದಲ್ಲಿ ತಿರುಗುತ್ತಿವೆ ಎಂದು ಎಬಿಎಸ್ ಸೆಕೆಂಡಿಗೆ ಹತ್ತಾರು ಬಾರಿ ಕೂಗಿ ಹೇಳುತ್ತಲೇ ಇರುತ್ತದೆ. ನನ್ನ ಕಾರಿನ ಸ್ಪೀಡೋಮೀಟರ್ ಅದನ್ನು ಕೇಳಿಸಿಕೊಂಡೇ ಮುಳ್ಳು ತಿರುಗಿಸುತ್ತಿತ್ತು. ಕೂಗು ನಿಂತಿತು, ಮುಳ್ಳು ಬಿತ್ತು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಸಣ್ಣ ಸಂಗತಿ. ಎಬಿಎಸ್ ದೀಪ ಹತ್ತಲು ಎಬಿಎಸ್ ಏನನ್ನೂ ಹೇಳಬೇಕಾಗಿಲ್ಲ. ನಿಗದಿತ ಅವಧಿಯೊಳಗೆ ಅದರಿಂದ ಮಾತು ಬರದಿದ್ದರೆ ಮೀಟರ್ ತಾನೇ ದೀಪ ಹತ್ತಿಸುತ್ತದೆ. ಸುಮ್ಮನಿದ್ದಾನೆ ಎಂದರೆ ಎಲ್ಲ ಸರಿಯಿದೆ ಎಂದು ಅದು ತಿಳಿಯುವುದಿಲ್ಲ. ಕೆಟ್ಟಿದ್ದನ್ನು ಕೆಟ್ಟವನೇ ಬಂದು ಹೇಳಲಾರ ಎನ್ನುವ ತಿಳಿವಳಿಕೆ ಆ ವಿನ್ಯಾಸದಲ್ಲಿದೆ. ಇಂಥ ಭಾಗಗಳನ್ನು ರೂಪಿಸುವವರು ಅನುಮಾನ ಬಂದಾಗ ಅದು ತಪ್ಪು ಮಾತಾಡುವ ಬದಲು ಬಾಯಿ ಮುಚ್ಚಿಕೊಳ್ಳಲಿ ಎಂದೇ ಬಯಸುತ್ತಾರೆ. ಆದರೆ ಆ ಮೌನ ಒಳ್ಳೆಯದಾಗುವುದು, ಅದನ್ನು ಗಮನಿಸುವವನು ಒಬ್ಬ ಎದುರಿಗೆ ಇದ್ದಾಗ ಮಾತ್ರ.

ನಾವು ಬೆಳೆದದ್ದು ಇದಕ್ಕೆ ತದ್ವಿರುದ್ಧವಾದ ಮಾತು ಕೇಳುತ್ತ. ಮೌನಂ ಸಮ್ಮತಿ ಲಕ್ಷಣಂ. ಹೆಣ್ಣು ನೋಡಲು ಬಂದವರ ಮುಂದೆ ತಲೆ ತಗ್ಗಿಸಿದ ಹುಡುಗಿಯಿಂದ ಹಿಡಿದು ಪಂಚಾಯಿತಿಯ ಹಿಂದಿನ ಸಾಲಿನವರೆಗೆ ಎಲ್ಲರ ಮೌನವನ್ನೂ ನಾವು ಹೀಗೇ ಓದಿದ್ದೇವೆ. ಪುಣೆಯ ಹಿಂಜವಡಿಯ ಏಳನೇ ಮಹಡಿಯಲ್ಲಿ ಕುಳಿತು ನಾನೂ ಹೀಗೇ ಓದಿದೆ.

ಎರಡು ವರ್ಷದ ಹಿಂದಿನ ಮಾತು. ಆರೋಗ್ಯ ವಿಮೆಯ ಒಂದು ವ್ಯವಸ್ಥೆಯ ಹೊಸ ಆವೃತ್ತಿಯನ್ನು ನನ್ನ ತಂಡ ಕಟ್ಟುತ್ತಿತ್ತು. ಆಸ್ಪತ್ರೆಯಿಂದ ಕ್ಯಾಶ್‌ಲೆಸ್ ಚಿಕಿತ್ಸೆಗೆ ಮನವಿ ಬಂದಾಗ ಪಾಲಿಸಿ ಚಾಲ್ತಿಯಲ್ಲಿದೆಯೇ ಎಂದು ನೋಡಿ ಉತ್ತರಿಸುವ ಭಾಗ ಅದರಲ್ಲಿತ್ತು. ಟೆಸ್ಟಿಂಗ್ ಮಾಡುತ್ತಿದ್ದ ಒಬ್ಬ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿರಲಿಲ್ಲ, ಒಂದು ವಿಚಿತ್ರ ಗಮನಿಸಿದ್ದಳು. ಪಾಲಿಸಿ ನವೀಕರಣವಾದ ದಿನವೇ ಮನವಿ ಬಂದರೆ ಕೆಲವೊಮ್ಮೆ ಚಾಲ್ತಿಯಲ್ಲಿಲ್ಲ ಎಂದು ತಿರಸ್ಕಾರವಾಗುತ್ತಿತ್ತು. ಮೊದಲ ವಾರ ಮೀಟಿಂಗಿನಲ್ಲಿ ಹೇಳಿದಳು. ಪ್ರತಿ ಸಲ ಆಗುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದಳು. ಸದ್ಯಕ್ಕೆ ಪಕ್ಕಕ್ಕಿಡೋಣ ಎಂದೆ. ಎರಡನೇ ವಾರ ಮತ್ತೆ ಹೇಳಿದಳು, ರಾತ್ರಿ ವಿವರವಾಗಿ ಮೇಲ್ ಕೂಡ ಬರೆದಳು. ಹಿರಿಯ ಡೆವಲಪರ್ ಒಬ್ಬ, ಟೆಸ್ಟ್ ಡೇಟಾವನ್ನೇ ನೀನು ಸರಿಯಾಗಿ ಹಾಕಿಲ್ಲ ಎಂದು ಎಲ್ಲರೆದುರು ಅಂದ. ನಾನು ಅವನನ್ನು ತಡೆಯಲಿಲ್ಲ. ಮೇಲ್‌ಗೆ ಒಂದೇ ಪದದ ಉತ್ತರ ಬರೆದೆ: ನೋಟೆಡ್.

ಕ್ಯಾನ್ ತಂತಿಯ ಮೇಲೂ ಇಂಥದೊಂದು ನೋಟೆಡ್ ಇದೆ. ಪ್ರತಿ ಸಂದೇಶದ ಕೊನೆಗೆ, ಸರಿಯಾಗಿ ತಲುಪಿತು ಎಂದು ಕೇಳಿದವರು ಒಂದು ಬಿಟ್‌ನಷ್ಟು ಸಂಜ್ಞೆ ಕೊಡುತ್ತಾರೆ. ಯಾರೋ ಒಬ್ಬರಿಗೆ ಅಕ್ಷರ ಕೆಡದೆ ತಲುಪಿದೆ ಎಂದಷ್ಟೇ ಅದರ ಅರ್ಥ. ತಲುಪಬೇಕಾದವನಿಗೆ ತಲುಪಿತೇ, ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡನೇ ಎಂಬುದು ಆ ಬಿಟ್‌ನಿಂದ ತಿಳಿಯುವುದಿಲ್ಲ.

ಮೂರನೇ ವಾರ ಅವಳು ಏನೂ ಹೇಳಲಿಲ್ಲ. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ನಾನು ರೂಢಿಯಂತೆ ಕೇಳಿದೆ. ಎರಡು ಸೆಕೆಂಡು ಕಾದೆ. ಬಾಕಿ ಉಳಿದ ತೊಂದರೆಗಳು ಇಲ್ಲ ಎಂದು ಬರೆದುಕೊಂಡು ಹಸಿರು ಬಣ್ಣ ತುಂಬಿದೆ. ಮುಂದೆ ಆವೃತ್ತಿ ಬಿಡುಗಡೆಯಾಯಿತು. ಸುಮಾರು ಒಂದೂವರೆ ದಿನ, ಅಂದಂದೇ ನವೀಕರಣವಾದ ಹಲವು ಪಾಲಿಸಿಗಳ ಮನವಿಗಳು ತಿರಸ್ಕಾರಗೊಂಡವು. ಆಸ್ಪತ್ರೆಯ ಕೌಂಟರುಗಳಲ್ಲಿ ಜನ ದುಡ್ಡು ಹೊಂದಿಸಲು ಓಡಾಡಿದರು. ಒಬ್ಬರು ಬಳೆ ಒತ್ತೆಯಿಟ್ಟು ಅಡ್ವಾನ್ಸ್ ಕಟ್ಟಿದ್ದರೆಂದು ದೂರಿನ ಮೇಲ್ ಒಂದರಲ್ಲಿತ್ತು.

ಆಮೇಲೆ ಕಾರಣ ಹುಡುಕುವ ಸಭೆಗಳು ನಡೆದವು. ಕೊನೆಗೆ ಬರೆದ ವರದಿಯಲ್ಲಿ ಒಂದು ಸಾಲಿತ್ತು: ಟೆಸ್ಟಿಂಗ್ ತಂಡದ ಕಡೆಯಿಂದ ಸಂವಹನದ ಕೊರತೆ. ಎರಡು ಸಲ ಹೇಳಿದವಳ ಹೆಸರಿಗೇ ಸಂವಹನದ ಕೊರತೆ! ಆದರೆ ಆ ಸಾಲು ಸುಳ್ಳು ಎಂದು ಅಂದು ನನಗೆ ಅನ್ನಿಸಲಿಲ್ಲ. ಬಿಡುಗಡೆಯ ಹಿಂದಿನ ಮೀಟಿಂಗಿನಲ್ಲಿ ಅವಳು ಸುಮ್ಮನಿದ್ದದ್ದು ನಿಜವಲ್ಲವೇ? ಸಹಿ ಹಾಕಿದೆ. ನಾಲ್ಕು ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಬೀಳ್ಕೊಡುಗೆಯ ಕೇಕು ನಾನೇ ತರಿಸಿದ್ದೆ.

ಇಂಡಿಯ ಮಿಸ್ತ್ರಿ ಕೇಳಿದ ಪ್ರಶ್ನೆ ನನ್ನನ್ನು ಈ ವರದಿಯ ಎದುರು ತಂದು ನಿಲ್ಲಿಸಿತ್ತು. ಈ ಕೋಡ್ ಯಾರ ಕಡೆ ಸಿಕ್ತು? ಸುಮ್ಮನಾದವನ ದೋಷ ಯಾವಾಗಲೂ ಬೇರೆಯವರ ನೆನಪಿನಲ್ಲಿ ದಾಖಲಾಗುತ್ತದೆ. ಅವನ ಕಡೆಯ ಕಥೆ ಎಲ್ಲೂ ಬರೆದಿರುವುದಿಲ್ಲ, ಏಕೆಂದರೆ ಬರೆಯಬೇಕಾದವನು ಅವನೇ.

ಮಿಸ್ತ್ರಿ ಕೆಲಸ ಮಾಡಿದ ಕ್ರಮವನ್ನು ನಾನು ಸ್ಟೂಲಿನ ಮೇಲೆ ಕುಳಿತು ನೋಡಿದೆ. ಮೊದಲು ಹಾದಿ ನೋಡಿದ. ಬ್ಯಾಟರಿ ಕಳಚಿ ಎರಡು ಕ್ಯಾನ್ ತಂತಿಗಳ ನಡುವೆ ಮೀಟರ್ ಹಿಡಿದ. 60 ಓಮ್. ಎರಡೂ ತುದಿಗಳಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದರಿಂದ ತಂತಿ ಸರಿಯಿದ್ದರೆ ಇಷ್ಟೇ ಬರಬೇಕು. 120 ಬಂದಿದ್ದರೆ ಒಂದು ತುದಿ ಕಡಿದಿದೆ, ಸೊನ್ನೆಗೆ ಹತ್ತಿರ ಬಂದಿದ್ದರೆ ಎರಡೂ ತಂತಿ ಒಂದಕ್ಕೊಂದು ತಾಗಿವೆ. "ಹಾದಿ ಸುದ್ದ ಐತ್ರಿ" ಎಂದ. ಆಮೇಲೆ ಊಟ ನೋಡಿದ. ಬ್ಯಾಟರಿ ಮತ್ತೆ ಜೋಡಿಸಿ, ಎಬಿಎಸ್ಸಿನ ದೊಡ್ಡ ಕನೆಕ್ಟರ್ ಕಿತ್ತು, ಕರೆಂಟು ಬರುವ ಪಿನ್ನಿಗೂ ಅರ್ಥಿಂಗಿನ ಪಿನ್ನಿಗೂ ಮೀಟರ್ ಹಿಡಿದ. 12.4 ವೋಲ್ಟ್. ನನಗೆ ಎದೆ ಧಸಕ್ಕೆಂದಿತು. ಹಾದಿಯೂ ಸರಿ, ಊಟವೂ ಸರಿ ಎಂದ ಮೇಲೆ ಮಾಡ್ಯೂಲೇ ಹೋಗಿದೆ ಎಂದಾಯಿತಲ್ಲ?

ಅವನು ಮೀಟರ್ ಬದಿಗಿಟ್ಟು, ಹಳೆಯದೊಂದು ಹೆಡ್‌ಲೈಟ್ ಬಲ್ಬಿಗೆ ಎರಡು ತಂತಿ ಸುತ್ತಿದ್ದನ್ನು ತಂದ. ಅವೇ ಎರಡು ಪಿನ್ನಿಗೆ ಹಿಡಿದ. ಬಲ್ಬು ಪ್ರಜ್ವಲಿಸಬೇಕಿತ್ತು. ಊದುಬತ್ತಿಯ ತುದಿಯಂತೆ ಕೆಂಪಗಾಯಿತು, ಅಷ್ಟೇ.

"ಮೀಟರ್ ಏನೂ ತಗೊಳ್ಳೂದಿಲ್ರಿ, ಬರೇ ಕೇಳತದ. ಬರೇ ಕೇಳಿದ್ರ ಎಲ್ಲಾರೂ ಆರಾಮ ಅಂತಾರ. ವಜ್ಜಿ ಹೊರಿಸಿ ನೋಡ್ಬೇಕು."

ಬ್ಯಾಟರಿ ತಟ್ಟೆಯ ಕೆಳಗೆ, ಬಾಡಿಗೆ ಬಿಗಿದ ಅರ್ಥಿಂಗ್ ಬೋಲ್ಟಿನಲ್ಲಿ ದೋಷವಿತ್ತು. ತಂತಿಯ ತುದಿಗೂ ಲೋಹಕ್ಕೂ ನಡುವೆ ಬಣ್ಣದ ಪದರ, ಅದರ ಅಂಚಿನಲ್ಲಿ ಮಳೆ ನೀರಿನ ತುಕ್ಕು. ಮೀಟರಿಗೆ ಬೇಕಾದ ಕೂದಲೆಳೆಯಷ್ಟು ಕರೆಂಟು ಅದರ ಮೂಲಕ ಹಾಯುತ್ತಿತ್ತು, ಮಾಡ್ಯೂಲಿಗೆ ಬೇಕಾದಷ್ಟು ಹಾಯುತ್ತಿರಲಿಲ್ಲ. ಬಣ್ಣ ಹೊಸದು. "ಇಲ್ಲಿ ಯಾವಾಗ ಕೆಲಸ ಮಾಡ್ಸಿದ್ರಿ?" ಎಂದು ಕೇಳಿದ.

ಹೋದ ಬೇಸಿಗೆಯಲ್ಲಿ ಮುಂಭಾಗಕ್ಕೆ ಪೆಟ್ಟಾಗಿ ಒಂದು ಗ್ಯಾರೇಜಿನಲ್ಲಿ ಬಾಡಿ ಕೆಲಸ ಮಾಡಿಸಿದ್ದೆ. ಅವರು ಸೋಮವಾರ ಕೊಡುತ್ತೇವೆ ಎಂದಿದ್ದರು. ಶುಕ್ರವಾರ ಬೇಕೇ ಬೇಕು ಎಂದು ನಾನು ದಿನಕ್ಕೆ ಎರಡು ಸಲ ಫೋನ್ ಮಾಡಿದ್ದೆ. ಶುಕ್ರವಾರ ಸಂಜೆ ಸಿಕ್ಕಿತು. ಆ ಹುಡುಗ ಬೋಲ್ಟಿನ ಜಾಗದ ಬಣ್ಣ ಕೆರೆಯದೆ ಬಿಗಿದದ್ದು ನನ್ನ ಅವಸರದಿಂದಲೋ ಅವನ ಉದಾಸೀನದಿಂದಲೋ ಎಂದು ಈಗ ಸಿದ್ಧಮಾಡಲಾಗದು. ಆದರೆ ಆ ಬಲ್ಬಿನ ಕೆಂಪು ನೋಡುತ್ತ ನನಗೆ ಯಾರ ಮೇಲೂ ಸಿಟ್ಟು ಬರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಯಂತ್ರ ನಮಗಿಂತ ಮೇಲು ಎಂಬ ಸುಲಭದ ನೀತಿ ಸಿಗುತ್ತದೆ. ಅದು ಪೂರ್ತಿ ನಿಜವಲ್ಲ. ಕ್ಯಾನ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಪೆಟ್ಟಿಗೆಯೂ ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಳ್ಳುತ್ತದೆ. ಕಳಿಸಿದ ಸಂದೇಶ ಕೆಟ್ಟರೆ ಲೆಕ್ಕಕ್ಕೆ ಎಂಟು ಸೇರುತ್ತದೆ, ಸರಿಯಾಗಿ ಹೋದರೆ ಒಂದು ಕಳೆಯುತ್ತದೆ. ಒಂದು ತಪ್ಪನ್ನು ಅಳಿಸಲು ಎಂಟು ಸರಿ ಬೇಕು. ಲೆಕ್ಕ 255 ದಾಟಿದರೆ ಆ ಪೆಟ್ಟಿಗೆ ತಾನೇ ಕಟ್ಟೆಯಿಂದ ಎದ್ದು ಹೋಗುತ್ತದೆ, ಉಳಿದವರ ಮಾತಿಗೆ ತನ್ನಿಂದ ತೊಂದರೆಯಾಗದಿರಲಿ ಎಂದು. ಕೇಳಲು ಎಷ್ಟು ಸಜ್ಜನಿಕೆ! ಆದರೆ ಆ ಪೆಟ್ಟಿಗೆಗೆ ತಪ್ಪು ತನ್ನದೋ, ತನ್ನ ತಂತಿಯದೋ ಎಂದು ತಿಳಿಯುವುದಿಲ್ಲ. ಯಾರದೋ ತಂತಿಯ ದೋಷಕ್ಕೆ ತನ್ನನ್ನು ತಾನು ಬಹಿಷ್ಕರಿಸಿಕೊಳ್ಳುತ್ತದೆ. ಎರಡು ಸಲ ಮಾತಾಡಿ ಎರಡು ಸಲವೂ ಮುಖಭಂಗವಾದ ಹುಡುಗಿ ಮನಸ್ಸಿನಲ್ಲಿ ಮಾಡಿಕೊಂಡ ಲೆಕ್ಕ ಇದಕ್ಕಿಂತ ಬೇರೆಯಿರಲಿಕ್ಕಿಲ್ಲ.

ಇನ್ನೊಂದು ವ್ಯತ್ಯಾಸ ದೊಡ್ಡದು. ಯಂತ್ರದ ಮೌನಕ್ಕೆ ಒಳಗೆ ಏನೂ ಇಲ್ಲ. ಮನುಷ್ಯನ ಮೌನ ಅವನ ಆಯ್ಕೆಯೂ ಆಗಿರಬಹುದು, ಹಕ್ಕೂ ಆಗಿರಬಹುದು. ಎಲ್ಲರ ಮೌನವನ್ನೂ ದೋಷವೆಂದು ಕಂಡು ಸ್ಕ್ಯಾನರ್ ಚುಚ್ಚುತ್ತ ಹೋದರೆ ಅದೂ ಒಂದು ಹಿಂಸೆಯೇ. ಹಾಗಾದರೆ ಯಾವ ಮೌನವನ್ನು ಪ್ರಶ್ನಿಸಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು?

ನನಗೆ ಮಹಾಭಾರತದ ಸಭೆ ನೆನಪಾಗುತ್ತದೆ. ದ್ರೌಪದಿ ಪ್ರಶ್ನೆ ಕೇಳಿದಳು, ಸಭೆ ಸುಮ್ಮನಿತ್ತು. ಹಿರಿಯರ ಆ ಮೌನವನ್ನು ನಾವು ಇಂದಿಗೂ ಕ್ಷಮಿಸಿಲ್ಲ. ಆದರೆ ಅದೇ ಸಭೆಯಲ್ಲಿ ವಿಕರ್ಣ ಎದ್ದು ಇದು ಅನ್ಯಾಯ ಎಂದ. ಕೌರವರಲ್ಲೇ ಒಬ್ಬ, ಕಿರಿಯ. ಕರ್ಣ ಅವನನ್ನು ಗದರಿಸಿ, ನಿನಗೇನು ತಿಳಿಯುತ್ತದೆ ಎಂಬಂತೆ ಕೂರಿಸಿದ. ಅದಾದ ಮೇಲೆ ವಿಕರ್ಣ ಸುಮ್ಮನಾದದ್ದೂ ಮೌನವೇ, ಭೀಷ್ಮ ಸುಮ್ಮನಿದ್ದದ್ದೂ ಮೌನವೇ. ಎರಡಕ್ಕೂ ಒಂದೇ ತೂಕವಿಲ್ಲ. ಮಾತಾಡಿದರೆ ಕಳೆದುಕೊಳ್ಳುವುದು ಕಡಿಮೆಯಿದ್ದವನ ಮೌನಕ್ಕೆ ಅವನೇ ಉತ್ತರ ಹೇಳಬೇಕು. ಕಳೆದುಕೊಳ್ಳುವುದು ಹೆಚ್ಚಿದ್ದವನ ಮೌನಕ್ಕೆ ಉತ್ತರ ಹೇಳಬೇಕಾದವನು ಕೇಳುವ ಸ್ಥಾನದಲ್ಲಿ ಕುಳಿತವನು. ಮೀಟಿಂಗಿನಲ್ಲಿ ಆ ಕುರ್ಚಿ ನನ್ನದಾಗಿತ್ತು. ಅವಳ ಮೌನದ ಕೋಡ್ ಬರೆದುಕೊಳ್ಳಬೇಕಾಗಿದ್ದದ್ದು ನನ್ನ ಹೆಸರಿನ ಕೆಳಗೆ.

ಹಾಗೆಂದು, ಏನಾದರೂ ಇದೆಯೇ ಎಂದು ಕೇಳಿ ಕಾದರೆ ಕೇಳಿದಂತಾಗುವುದಿಲ್ಲ. ಅದು ಮೀಟರಿನ ಪ್ರಶ್ನೆ, ಏನನ್ನೂ ಹೊರಿಸದ ಪ್ರಶ್ನೆ. ನಾನು ಪ್ರತಿ ಭಾನುವಾರ ಊರಿಗೆ ಫೋನ್ ಮಾಡಿ, "ಆರಾಮೇನವ್ವಾ?" ಎನ್ನುತ್ತೇನೆ. "ಆರಾಮ ಅದೀನಪಾ" ಎನ್ನುತ್ತಾಳೆ. ಹನ್ನೆರಡು ವರ್ಷದಿಂದ ಆ ತಂತಿಯಲ್ಲಿ ಸರಿಯಾಗಿ 12.4 ವೋಲ್ಟ್ ಬರುತ್ತಿದೆ. ಈಚೆಗೆ ಪ್ರಶ್ನೆ ಬದಲಿಸಿದೆ. ಮಾಳಿಗೆ ಮೆಟ್ಟಿಲು ಹತ್ತಿ ಹಪ್ಪಳ ಒಣಹಾಕಿದ್ದು ಯಾವಾಗ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊಣಕಾಲ ಹಿಡ್ಕೊಂಡ ಮ್ಯಾಲೆ ಹತ್ತಿಲ್ಲಪಾ" ಎಂದಳು. ಎಷ್ಟು ದಿನವಾಯಿತು? ಯುಗಾದಿಯಿಂದ.

ಆಫೀಸಿನ ವಿಷಯಕ್ಕೆ ಇಷ್ಟು ಸಲೀಸಾದ ಅಂತ್ಯವಿಲ್ಲ. ಆ ವರದಿಯ ಸಾಲನ್ನು ತಿದ್ದಬೇಕು ಎಂದು ಬರೆದೆ. ಮುಚ್ಚಿದ ಫೈಲು ತೆರೆಯುವ ಪದ್ಧತಿಯಿಲ್ಲ ಎಂದು ಉತ್ತರ ಬಂತು. ಅವಳ ಎರಡು ಮೇಲ್‌ಗಳನ್ನೂ ನನ್ನ ನೋಟೆಡ್ ಅನ್ನೂ ಜೋಡಿಸಿ, ಹೇಳಲಾಗಿತ್ತು, ನಾನು ಕೇಳಿಸಿಕೊಳ್ಳಲಿಲ್ಲ ಎಂದು ಎರಡು ಸಾಲು ಸೇರಿಸಿ ಫೈಲಿನ ಜೊತೆ ಇಡಲು ಕೊಟ್ಟೆ. ಅದನ್ನು ಯಾರೂ ಓದಲಿಕ್ಕಿಲ್ಲ. ಅವಳಿಗೂ ಒಂದು ಪ್ರತಿ ಕಳಿಸಿ ಕ್ಷಮೆ ಕೇಳಿದೆ. ಎಂಟು ದಿನಕ್ಕೆ, ಥ್ಯಾಂಕ್ಸ್ ಸರ್ ಎಂದಷ್ಟೇ ಬಂತು. ಅದು ಕ್ಷಮೆಯೋ, ನಾನು ಕಲಿಸಿದ ನೋಟೆಡ್ಡೋ ಗೊತ್ತಿಲ್ಲ. ಅದನ್ನು ಕೆದಕುವ ಹಕ್ಕು ನನಗಿಲ್ಲ. ಇದು ಅವಳ ಪಾಡಿಗೆ ಬಿಡಬೇಕಾದ ಮೌನ ಎಂದುಕೊಂಡಿದ್ದೇನೆ.

ಮಿಸ್ತ್ರಿ ಬೋಲ್ಟಿನ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿ, ತಂತಿಗೆ ಹೊಸ ತುದಿ ಹಾಕಿ ಬಿಗಿದು, ಮೇಲೆ ಗ್ರೀಸು ಬಳಿದ. ಮತ್ತೆ ಬಲ್ಬು ಹಿಡಿದ. ಕಣ್ಣು ಕುಕ್ಕುವಂತೆ ಉರಿಯಿತು. ಕನೆಕ್ಟರ್ ಕೂರಿಸಿ ಗಾಡಿ ಚಾಲೂ ಮಾಡಿದ. ಎಬಿಎಸ್ ದೀಪ ಒಂದು ಸಲ ಹತ್ತಿ, ತನ್ನನ್ನು ತಾನು ಪರೀಕ್ಷಿಸಿಕೊಂಡು, ಆರಿತು. ಒಂದು ಸುತ್ತು ಹೊಡೆದು ಬಂದೆವು. ಮುಳ್ಳು ಏರಿತು, ಇಳಿಯಿತು.

ಸ್ಕ್ಯಾನರ್ ಇದೆಯಲ್ಲ, ಆ ಹಳೇ ಕೋಡ್ ಅಳಿಸಿಬಿಡಪ್ಪಾ ಎಂದೆ. ಮುಂದೆ ಗಾಡಿ ಮಾರುವಾಗ ಕೊಳ್ಳುವವನು ಅದನ್ನು ನೋಡಿ ಬೆಲೆ ಇಳಿಸುತ್ತಾನೆ ಎಂಬ ಲೆಕ್ಕ, ಅಷ್ಟು ಹೊತ್ತಿಗಾಗಲೇ, ನನ್ನ ತಲೆಗೆ ಬಂದಿತ್ತು. ಅವನು ಪರದೆ ತೋರಿಸಿದ. ಈಗ ಚಾಲ್ತಿಯಲ್ಲಿರುವ ದೋಷಗಳ ಪಟ್ಟಿ ಖಾಲಿ. ಇತಿಹಾಸದ ಪಟ್ಟಿಯಲ್ಲಿ ಅದೊಂದು ಇತ್ತು.

"ಅಳಸಾಕ ಒಂದು ಬಟನ್ ಸಾಕ್ರಿ" ಎಂದ. "ಆದ್ರ ಇರ್ಲಿ ಬಿಡ್ರಿ. ದೀಪ ತಾನಽ ಆರೇದ. ಮುಂದ ಮತ್ತ ಬಂದ್ರ, ಹಿಂದ ಒಮ್ಮಿ ಬಂದಿತ್ತಂತ ನೋಡಾವ್ಗ ಗೊತ್ತಾಗ್ತದ."

ಬಿಟ್ಟೆ. ಅದು ಇನ್ನೂ ಹಾಗೇ ಇದೆ.